ಸೋರುವ ಸಸ್ಪೆನ್ಷನ್: ದುರಸ್ತಿಗೆ ಮುನ್ನ

ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆಯು 1955ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದ ಡಿ.ಎಸ್. ಕಾರಿನಲ್ಲಿ ಉಕ್ಕಿನ ಸ್ಪ್ರಿಂಗುಗಳಿಲ್ಲ. ಪ್ರತಿ ಚಕ್ರಕ್ಕೂ ಒಂದು ಲೋಹದ ಗೋಳ. ಅದರೊಳಗೆ ನೈಟ್ರೋಜನ್ ಅನಿಲವನ್ನೂ ಎಣ್ಣೆಯನ್ನೂ ಬೇರ್ಪಡಿಸುವ ರಬ್ಬರಿನ ಪೊರೆ. ಅನಿಲವೇ ಇಲ್ಲಿ ಸ್ಪ್ರಿಂಗು.

ಇಂತಹ ಹಳೆಯ ಕಾರನ್ನು ಕಾಪಾಡಿಕೊಂಡು ಬಂದವರು ನೆಲದ ಮೇಲೆ ಎಣ್ಣೆಯ ಕಲೆ ಕಂಡೊಡನೆ ಗೋಳಗಳನ್ನೆಲ್ಲ ಬದಲಿಸಹೊರಡುವುದುಂಟು. ಇದು ತರವಲ್ಲವೆಂದು ನಮ್ಮ ಅಭಿಪ್ರಾಯ. ಅನಿಲವು ಕಾಲಕ್ರಮದಲ್ಲಿ ಪೊರೆಯ ಮೂಲಕ ನುಸುಳಿಹೋದರೆ ಸವಾರಿ ಗಡುಸಾಗುತ್ತದೆಯೇ ಹೊರತು ಎಣ್ಣೆ ನೆಲಕ್ಕೆ ಬೀಳುವುದಿಲ್ಲ. ಎಣ್ಣೆ ಬೀಳುವುದು ಸಾಮಾನ್ಯವಾಗಿ ರಬ್ಬರು ಕೊಳವೆ ಬಿರಿದಾಗ, ಉಕ್ಕಿನ ಕೊಳವೆ ತುಕ್ಕು ಹಿಡಿದಾಗ, ಇಲ್ಲವೆ ಸೀಲು ಸವೆದಾಗ. ರಬ್ಬರಿನ ಬೆಲೆ ಅಲ್ಪ. ಕಾರಿನಡಿಯಲ್ಲಿ ಹಾಯ್ದ ಉಕ್ಕಿನ ಕೊಳವೆಗಾದರೋ ವಸ್ತುವಿಗಿಂತ ಬಿಚ್ಚಿ ಜೋಡಿಸುವ ಕೂಲಿಯೇ ಹೆಚ್ಚು. ಆದುದರಿಂದ ಎಲ್ಲವನ್ನೂ ಒರೆಸಿ, ಎಂಜಿನ್ನನ್ನು ಚಾಲೂ ಮಾಡಿ, ಮೊದಲ ಹನಿ ಎಲ್ಲಿ ಮೂಡುವುದೆಂದು ಕಂಡ ಬಳಿಕವೇ ವಸ್ತು, ಕೂಲಿ, ಎಣ್ಣೆಗಳನ್ನು ಬೇರೆಬೇರೆಯಾಗಿ ಬರೆದ ಅಂದಾಜುಪಟ್ಟಿಯನ್ನು ಕೇಳತಕ್ಕದ್ದು.

ಡಿ.ಎಸ್.ನಲ್ಲಿ ಬ್ರೇಕಿಗೂ ಇದೇ ಎಣ್ಣೆಯ ಒತ್ತಡವಾದ ಕಾರಣ ಸೋರಿಕೆಯನ್ನು ಮುಂದೂಡಲಾಗದು. ಹಸಿರು ಖನಿಜ ತೈಲ ಬಳಸುವ ಮಾದರಿಗಳಿಗೆ ಸಾಮಾನ್ಯ ಬ್ರೇಕ್ ಎಣ್ಣೆ ಸುರಿದರೆ ಸೀಲುಗಳೇ ಕೆಟ್ಟು ವೆಚ್ಚ ಬೆಳೆಯುತ್ತದೆ. ಒತ್ತಡವಿಳಿದಾಗ ಕಾರು ಕುಸಿಯುವುದರಿಂದ ಗಟ್ಟಿಯಾದ ಆಧಾರವಿಡದೆ ಅದರಡಿಗೆ ಯಾರೂ ಹೋಗಕೂಡದು.