ಪ್ರತಿ ಒತ್ತಿಗೂ ಹೊಸ ಗುಟ್ಟು!

ದೂರದಿಂದಲೇ ಗುಂಡಿ ಒತ್ತಿದರೆ ಕಾರಿನ ಬಾಗಿಲು ತೆರೆಯುತ್ತದೆ. ಆ ರೇಡಿಯೋ ಸಂಕೇತವನ್ನು ಕಳ್ಳನೊಬ್ಬ ಹಿಡಿದಿಟ್ಟು ಮತ್ತೆ ಬಿತ್ತರಿಸಿದರೆ? ಇದಕ್ಕೆ ಉತ್ತರವಾಗಿ 1980ರ ದಶಕದಲ್ಲಿ ದಕ್ಷಿಣ ಆಫ್ರಿಕದಲ್ಲಿ ರೂಪುಗೊಂಡದ್ದೇ ‘ಕೀಲಾಕ್’. ಇದರಲ್ಲಿ ಪ್ರತಿ ಸಲವೂ ಸಂಕೇತ ಬದಲು.

ಕೀಲಿಕೈಯ ಚಿಪ್‌ಗೆ ಕ್ರಮಸಂಖ್ಯೆ, 64 ಬಿಟ್‌ಗಳ ಗುಪ್ತಸಂಖ್ಯೆ ಹಾಗೂ ಒಂದು ಎಣಿಕೆಯನ್ನು ತುಂಬಿಸುತ್ತಾರೆ. ಬಳಿಕ ಆ ಕೀಲಿಕೈಯನ್ನು ಕಾರಿಗೆ ‘ಪರಿಚಯ’ ಮಾಡಿಸಬೇಕು. ಗುಂಡಿ ಒತ್ತಿದಾಗಲೆಲ್ಲ ಎಣಿಕೆ ಒಂದು ಹೆಚ್ಚಿ, ಗುಪ್ತಸಂಖ್ಯೆಯೊಡನೆ ಕಲಸಿಹೋಗಿ ಹೊರಡುತ್ತದೆ. ಕಾರು ಅದನ್ನು ಬಿಡಿಸಿ ನೋಡುತ್ತದೆ. ಹಳೆಯ ಎಣಿಕೆಯಾದರೆ ಬಾಗಿಲು ತೆರೆಯದು.

ಮನೆಯಲ್ಲಿ ಮಗು ಆಟಕ್ಕೆಂದು ಗುಂಡಿ ಒತ್ತಿದರೆ? ಸಾಮಾನ್ಯವಾಗಿ ಎಣಿಕೆ 16ರಷ್ಟು ಮುಂದೆ ಹೋಗಿದ್ದರೂ ಕಾರು ಒಪ್ಪುತ್ತದೆ. ಅದನ್ನೂ ಮೀರಿದ್ದರೆ ಒಂದರ ಹಿಂದೊಂದು ಎರಡು ಸಲ ಒತ್ತಬೇಕು. ತಂತ್ರಾಂಶದಿಂದ ಪರೀಕ್ಷಿಸುವುದೆಂದರೆ ಇಂತಹ ಮಿತಿಗಳನ್ನು ಒಂದೊಂದಾಗಿ ದಾಟಿ ನೋಡುವುದು.

ಆದರೂ 2008ರಲ್ಲಿ ಜರ್ಮನಿಯ ರೂರ್ ವಿಶ್ವವಿದ್ಯಾಲಯದ ಸಂಶೋಧಕರು, ಚಿಪ್ ಬಳಸುವ ವಿದ್ಯುತ್ತಿನ ಏರಿಳಿತವನ್ನು ಅಳೆದೇ ಗುಪ್ತಸಂಖ್ಯೆಯನ್ನು ಹೊರತೆಗೆದರು. ತಯಾರಕರ ಮೂಲಸಂಖ್ಯೆ ಬಯಲಾದರೆ ಅದರಿಂದ ಹುಟ್ಟಿದ ಕೀಲಿಕೈಗಳೆಲ್ಲವೂ ಅಪಾಯದಲ್ಲಿ!

‘ಗಣಿತ ಯಾತಕ್ಕೆ ಬೇಕು?’ ಎನ್ನುವ ಮಕ್ಕಳಿಗೆ ಹೆತ್ತವರು ಈ ಕೀಲಿಕೈಯನ್ನೇ ತೋರಿಸಬಹುದು. ಬೀಗದ ದೋಷವನ್ನು ಕಳ್ಳನಿಗಿಂತ ಮೊದಲು ಕಂಡುಹಿಡಿಯುವುದೂ ಒಂದು ವಿದ್ಯೆಯೇ.