ಫ್ರೀಸೆಲ್: ಎಲೆ ಸಾಗಿಸುವ ಲೆಕ್ಕ

ಕೊಕ್ಕಡದ ಕಡೆ ಆಟಿಯ ಮಳೆಗೆ ಚೆನ್ನೆಮಣೆ ಇಟ್ಟು ಕೂರುತ್ತಿದ್ದ ಚಾವಡಿಗಳಿಗೂ ಈಗ ಮೊಬೈಲಿನ ಇಸ್ಪೀಟು ಬಂದಿದೆ. ಅದರಲ್ಲಿ ನನಗೆ ಅಚ್ಚುಮೆಚ್ಚು, ಒಬ್ಬರೇ ಆಡುವ ಫ್ರೀಸೆಲ್. "ಗೆಲುವು ಎಲೆ ಬಿದ್ದ ಹಾಗೆ" ಎಂದು ಹಲವರು ಇದನ್ನು ತಳ್ಳಿಹಾಕುತ್ತಾರೆ. ಆದರೆ ಇಲ್ಲಿ 52 ಎಲೆಗಳೂ ಮೊದಲೇ ಕಣ್ಣೆದುರಿಗಿರುತ್ತವೆ. ಪಾಲ್ ಆಲ್ಫಿಲ್ 1978ರಲ್ಲಿ ಕಂಪ್ಯೂಟರಿಗೆ ಅಳವಡಿಸಿದ ಈ ಆಟ ವಿಂಡೋಸ್‌ಗೆ ಬಂದಾಗ ಅದರಲ್ಲಿ 32,000 ಹಂಚಿಕೆಗಳಿದ್ದವು. ಬಿಡಿಸಲಾಗದ್ದು 11982ನೆಯದು ಮಾತ್ರ. ಉಳಿದವುಗಳಲ್ಲಿ ಸೋತರೆ ಅದು ನಡೆಯ ತಪ್ಪು.

ದೊಡ್ಡ ಗೊಂದಲ ಎಲೆ ಸಾಗಿಸುವುದರಲ್ಲಿದೆ. ಕೆಂಪು-ಕಪ್ಪು ಇಳಿಕ್ರಮದಲ್ಲಿ ಜೋಡಿಸಿದ ಸಾಲನ್ನು ಎಷ್ಟುದ್ದವಿದ್ದರೂ ಒಟ್ಟಿಗೆ ಎತ್ತಬಹುದೆಂದು ನಂಬಿದವರು, ಆಟ ಒಪ್ಪದಿದ್ದಾಗ ಆ್ಯಪ್ ಕೆಟ್ಟಿದೆ ಅನ್ನುತ್ತಾರೆ. ನಿಜವಾದ ನಿಯಮ, ಒಂದು ಸಲಕ್ಕೆ ಒಂದೇ ಎಲೆ. ಚೆನ್ನೆಮಣೆಯಲ್ಲಿ ಮಂಜೊಟ್ಟಿ ಕಾಯಿಗಳನ್ನು ಒಂದೊಂದೇ ಬಿಟ್ಟು ಸಾಗುವ ಹಾಗೆ. ಒಟ್ಟಿಗೆ ಸರಿದಂತೆ ಕಾಣುವುದು ಆ ಬಿಡಿ ನಡೆಗಳನ್ನು ಆ್ಯಪ್ ಬೇಗ ಮುಗಿಸುವುದರಿಂದ.

ಲೆಕ್ಕ ಹೀಗೆ: ಒಂದೊಂದೇ ಎಲೆ ತಂಗಬಹುದಾದ ಬಿಡಿಮನೆಗಳಲ್ಲಿ ಖಾಲಿ ಇರುವವುಗಳ ಸಂಖ್ಯೆಗೆ ಒಂದು ಕೂಡಿಸಿ; ಎಲೆಗಳನ್ನು ಹಂಚಿದ ಕಂಬಗಳಲ್ಲಿ ಖಾಲಿಯಾದ ಒಂದೊಂದಕ್ಕೂ ಅದನ್ನು ಇಮ್ಮಡಿಸಿ. ಎರಡು ಬಿಡಿಮನೆ, ಒಂದು ಖಾಲಿ ಕಂಬ ಇದ್ದರೆ ಆರು ಎಲೆ. ತುದಿಯ ಎರಡನ್ನು ಬಿಡಿಮನೆಗಳಿಗೆ, ಮೂರನೆಯದನ್ನು ಖಾಲಿ ಕಂಬಕ್ಕೆ ಹಾಕಿ, ಆ ಎರಡನ್ನು ಅದರ ಮೇಲಿಡಿ. ಬಿಡಿಮನೆಗಳು ಮತ್ತೆ ಖಾಲಿ. ಉಳಿದ ಮೂರನ್ನು ಇದೇ ರೀತಿ ಸೇರಬೇಕಾದ ಕಂಬಕ್ಕೆ ಸಾಗಿಸಿ, ಮೊದಲ ಮೂರನ್ನು ಅವುಗಳ ಹಿಂದೆ ತನ್ನಿ. ಸಾಲು ಹೋಗಬೇಕಾದದ್ದೇ ಆ ಖಾಲಿ ಕಂಬಕ್ಕಾದರೆ ಇಮ್ಮಡಿ ಇಲ್ಲ; ಮೂರೇ ಎಲೆ.

ಖಾಲಿ ಕಂಬ ರಾಜನಿಗೆ ಮೀಸಲು ಎಂಬುದೂ ಸುಳ್ಳು. ಅದು ಕ್ಲಾಂಡೈಕ್ ಆಟದ ನಿಯಮ. ಇಲ್ಲಿ ಯಾವ ಎಲೆಯನ್ನೂ ಇಡಬಹುದು, ಆದರೆ ಆತುರಪಟ್ಟು ಇಡಬಾರದು. ನಾಲ್ಕು ಬಿಡಿಮನೆ, ಒಂದು ಕಂಬ ಖಾಲಿ ಇದ್ದಾಗ ಹತ್ತು ಎಲೆ ಸಾಗುತ್ತದೆ. ಒಂದು ಬಿಡಿಮನೆ ತುಂಬಿದರೆ ಎಂಟು, ಕಂಬ ತುಂಬಿದರೆ ಐದೇ.

ಎಕ್ಕದಿಂದ ಮೇಲಕ್ಕೆ ಕಟ್ಟುವ ರಾಶಿಗೆ ಸಿಕ್ಕ ಎಲೆಯನ್ನೆಲ್ಲ ಕೂಡಲೇ ಕಳಿಸುವುದೂ ಜಾಣತನವಲ್ಲ. ಕೆಂಪು ಐದು ಹೋಗಿಬಿಟ್ಟರೆ ಕಪ್ಪು ನಾಲ್ಕಕ್ಕೆ ಕೂರಲು ಒಂದು ಜಾಗ ಕಡಿಮೆ. ಕಪ್ಪು ನಾಲ್ಕು ಎರಡೂ ರಾಶಿ ಸೇರಿದ್ದರೆ ಮಾತ್ರ ಕೆಂಪು ಐದನ್ನು ನಿಶ್ಚಿಂತೆಯಿಂದ ಕಳಿಸಿ.