ತಾಳೆ ನೋಡುವ ವಿದ್ಯೆ

ಕ್ರೈಸ್ತ ಮಿಷನ್ನುಗಳ ಚರಿತ್ರೆ, ಆಣ್ವಿಕ ಜೀವಶಾಸ್ತ್ರ, ಲೆಕ್ಕಶಾಸ್ತ್ರ, ಈ ಮೂರನ್ನೂ ಒಂದೇ ಲೇಖನದಲ್ಲಿ ಕೂಡಿಸಹೊರಟರೆ ವಾಚಕರು ಹುಬ್ಬೇರಿಸುವುದು ಸಹಜ. ಇವುಗಳಲ್ಲಿ ಒಂದಂತೂ ನಮ್ಮ ಕಾಲೇಜಿನ ಪಾಠಪಟ್ಟಿಯಲ್ಲೇ ಇಲ್ಲ. ಆದರೂ ಅಂತಿಮ ಬಿ.ಎ. ತರಗತಿಗೆ ಬಂದಂದಿನಿಂದ ನನ್ನನ್ನು ಕಾಡುತ್ತಿರುವ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಈ ಮೂರೂ ಒಂದೇ ದಾರಿಯಲ್ಲಿ ಎದುರಾದವು. ಸಂಶೋಧಕನು ತಾನು ಹೇಳುವುದು ನಿಜವೆಂದು ಹೇಗೆ ಬಲ್ಲನು? ಇದೇ ಆ ಪ್ರಶ್ನೆ. ಒಂದು ಬರಹವನ್ನು ಇನ್ನೊಂದರೊಡನೆ ತಾಳೆ ನೋಡಬೇಕು ಎಂದು ಮೂರು ವಿದ್ಯೆಗಳೂ ಹೇಳುತ್ತವೆ. ಆದರೆ ಆ ಇನ್ನೊಂದು ಬೇರೆ ಕೈಯ ಬರಹವಾಗಿರಬೇಕು. ಕಷ್ಟವೆಲ್ಲ ಇರುವುದು ಈ ಎರಡನೆಯ ಮಾತಿನಲ್ಲಿ.

ಲೆಕ್ಕದಿಂದಲೇ ಆರಂಭಿಸೋಣ. 1494ರಲ್ಲಿ ವೆನಿಸ್ ನಗರದಲ್ಲಿ ಲೂಕಾ ಪಾಚೋಲಿ ಎಂಬ ಗಣಿತಜ್ಞನ ದೊಡ್ಡ ಗ್ರಂಥವೊಂದು ಅಚ್ಚಾಯಿತು. ಆತನು ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿ. ಬಡತನದ ವ್ರತ ತೊಟ್ಟವನು ವರ್ತಕರ ಲೆಕ್ಕವನ್ನು ಲೋಕಕ್ಕೆ ಕಲಿಸಿದ್ದು ಒಂದು ವಿನೋದವೇ ಸರಿ. ಗ್ರಂಥದ ಒಂದು ಭಾಗದಲ್ಲಿ ಆತನು ವಿವರಿಸಿದ್ದು ಜೋಡಿ ನಮೂದು ಪದ್ಧತಿಯನ್ನು. ಅದು ಆತನೇ ಕಂಡುಹಿಡಿದುದಲ್ಲ. 1340ರ ಜಿನೋವಾ ನಗರದ ಲೆಕ್ಕದ ಪುಸ್ತಕಗಳಲ್ಲೇ ಅದು ಕಾಣಸಿಗುತ್ತದೆ. ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯಬೇಕೆಂಬುದೇ ಇದರ ಸೂತ್ರ. ರೈತನೊಬ್ಬನು 40,000 ರೂಪಾಯಿ ಕೊಟ್ಟು ಹಸು ಕೊಂಡನೆನ್ನಿ. ಹಸುವಿನ ಖಾತೆಗೆ ಡೆಬಿಟ್, ನಗದಿನ ಖಾತೆಗೆ ಕ್ರೆಡಿಟ್. ಕೊನೆಯಲ್ಲಿ ಎರಡು ಕಡೆಯ ಮೊತ್ತಗಳನ್ನು ಕೂಡಿಸಿ ತಾಳೆಪಟ್ಟಿ ತಯಾರಿಸಿದಾಗ ಅವು ಸಮವಾಗದಿದ್ದರೆ ಎಲ್ಲೋ ತಪ್ಪಿದೆಯೆಂದು ಅರ್ಥ.

ಸಮವಾದರೆ? ಎಲ್ಲವೂ ಸರಿಯೆಂದು ಅರ್ಥವೇ? ಅಲ್ಲ. ಬರೆಯದೆಯೇ ಬಿಟ್ಟ ವ್ಯವಹಾರವು ತಾಳೆಪಟ್ಟಿಯಲ್ಲಿ ಕಾಣುವುದಿಲ್ಲ. ಎರಡು ಕಡೆಯೂ ಒಂದೇ ಸುಳ್ಳನ್ನು ಬರೆದಿದ್ದರೆ ಅದೂ ಕಾಣುವುದಿಲ್ಲ. ಹೈದರಾಬಾದಿನ ಸತ್ಯಂ ಕಂಪೆನಿಯ ಅಧ್ಯಕ್ಷರಾಗಿದ್ದ ರಾಮಲಿಂಗ ರಾಜು ಅವರು 2009ನೆಯ ಜನವರಿ 7ರಂದು ತಾವೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಅಲ್ಲಿಯವರೆಗೆ ಪುಸ್ತಕದ ಡೆಬಿಟ್ಟು ಕ್ರೆಡಿಟ್ಟುಗಳು ಚೆನ್ನಾಗಿಯೇ ಕೂಡಿಬರುತ್ತಿದ್ದವು! ಆದುದರಿಂದಲೇ ಲೆಕ್ಕಪರಿಶೋಧಕನು ಕಂಪೆನಿ ತೋರಿಸಿದ ಕಾಗದವನ್ನು ನೆಚ್ಚದೆ ತಾನೇ ನೇರವಾಗಿ ಬ್ಯಾಂಕಿಗೆ ಬರೆದು ಶಿಲ್ಕು ಎಷ್ಟೆಂದು ಕೇಳಿ ತಿಳಿಯಬೇಕೆಂಬ ಕ್ರಮವಿರುವುದು.

ಇನ್ನು ಆಣ್ವಿಕ ಜೀವಶಾಸ್ತ್ರ. ಜೀವಕೋಶದೊಳಗಿನ ಅಣುಗಳ ರಚನೆ, ಕೆಲಸಗಳನ್ನು ತಿಳಿಸುವ ಶಾಸ್ತ್ರವಿದು. ಇದರ ಮೊದಲ ಅಧ್ಯಾಯ ನಡೆದದ್ದು ಜರ್ಮನಿಯ ಟ್ಯೂಬಿಂಗೆನ್ ಕೋಟೆಯ ಹಳೆಯ ಅಡುಗೆಮನೆಯಲ್ಲಿ. ಅಲ್ಲಿದ್ದ ಪ್ರಯೋಗಶಾಲೆಯಲ್ಲಿ 1869ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ತರುಣ ಫ್ರೀಡ್ರಿಕ್ ಮೀಷರ್ ಎಂಬವನು ಆಸ್ಪತ್ರೆಯಿಂದ ತರಿಸಿದ ಗಾಯದ ಪಟ್ಟಿಗಳ ಕೀವನ್ನು ತೊಳೆದು, ಬಿಳಿ ರಕ್ತಕಣಗಳ ಕೋಶಕೇಂದ್ರದಿಂದ ಹೊಸದೊಂದು ಪದಾರ್ಥವನ್ನು ಬೇರ್ಪಡಿಸಿದನು. ಅದರಲ್ಲಿ ರಂಜಕ ಹೇರಳವಾಗಿತ್ತು. ಗುರು ಹೋಪ್ಪೆ-ಸೈಲರ್ ಶಿಷ್ಯನ ಮಾತನ್ನು ಸುಮ್ಮನೆ ನಂಬಲಿಲ್ಲ. ತಾನೇ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿ, ಅನಂತರ 1871ರಲ್ಲಿ ತನ್ನ ಪತ್ರಿಕೆಯಲ್ಲಿ ಪ್ರಕಟಿಸಿದನು. ಶಿಷ್ಯನಿಗೆ ಆ ಕಾಯುವಿಕೆ ಕಹಿಯಾಗಿದ್ದಿರಬೇಕು. ಆದರೆ ಗುರು ಮಾಡಿದ್ದೇ ಸರಿಯೆಂದು ನನ್ನ ಅಭಿಪ್ರಾಯ.

ಆ ಪದಾರ್ಥವೇ ಇಂದು ನಾವು ಡಿ.ಎನ್.ಎ. ಎಂದು ಕರೆಯುವ ವಸ್ತು. ಅದರಲ್ಲಿ ಅಡೆನಿನ್ ಎಷ್ಟೋ ಥೈಮಿನ್ ಅಷ್ಟೇ, ಗ್ವಾನಿನ್ ಎಷ್ಟೋ ಸೈಟೊಸಿನ್ ಅಷ್ಟೇ ಇರುವುದನ್ನು ಎರ್ವಿನ್ ಚಾರ್ಗಾಫ್ 1950ರ ಹೊತ್ತಿಗೆ ತೋರಿಸಿಕೊಟ್ಟರು. ಜಮೆ ಖರ್ಚು ಸರಿಹೋದ ಹಾಗೆ! 1952ರಲ್ಲಿ ಲಂಡನ್ನಿನಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಶಾಲೆಯಲ್ಲಿ ತೆಗೆದ ಎಕ್ಸ್-ರೇ ಚಿತ್ರ ಸುರುಳಿಯ ಆಕಾರವನ್ನು ಸೂಚಿಸಿತು. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಮುಂದಿಟ್ಟ ಜೋಡಿ ಸುರುಳಿಯ ಮಾದರಿಯನ್ನು ಲೋಕ ಒಪ್ಪಲು ಒಂದು ಕಾರಣ, ಅದು ಒಬ್ಬರ ರಸಾಯನ ಲೆಕ್ಕಕ್ಕೂ ಇನ್ನೊಬ್ಬರ ಎಕ್ಸ್-ರೇ ಅಳತೆಗೂ ತಾಳೆಯಾದದ್ದು. ಆ ಇಬ್ಬರು ಒಬ್ಬರನ್ನೊಬ್ಬರು ಕೇಳಿ ಬರೆದವರಲ್ಲ.

ಸುರುಳಿಯ ಎರಡು ಎಳೆಗಳಲ್ಲಿ ಒಂದನ್ನು ನೋಡಿ ಇನ್ನೊಂದನ್ನು ಬರೆಯಬಹುದು. ಕೋಶ ಒಡೆಯುವ ಮೊದಲು ಎಳೆಗಳು ಬಿಚ್ಚಿಕೊಂಡು, ಪ್ರತಿಯೊಂದರ ಎದುರಿಗೂ ಹೊಸ ಎಳೆ ಬೆಳೆಯುತ್ತದೆ. ನಕಲು ಮಾಡುವಾಗ ಒಂದು ಅಕ್ಷರ ತಪ್ಪಿತೆನ್ನೋಣ. ಆಗ ಎರಡು ಎಳೆಗಳೂ ಅಲ್ಲಿ ಹೊಂದುವುದಿಲ್ಲ. ಆದರೆ ತಪ್ಪು ಯಾವುದು, ಸರಿ ಯಾವುದು ಎಂದು ಕೋಶಕ್ಕೆ ಗೊತ್ತಾಗುವ ಬಗೆ ಹೇಗೆ? ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯದಲ್ಲಿ ಹಳೆಯ ಎಳೆಯ ಮೇಲೆ ಅಲ್ಲಲ್ಲಿ ಸಣ್ಣದೊಂದು ರಾಸಾಯನಿಕ ಗುರುತು ಇರುತ್ತದೆ. ಹೊಸ ಎಳೆಗೆ ಆ ಗುರುತು ಸ್ವಲ್ಪ ತಡವಾಗಿ ಬೀಳುತ್ತದೆ. ಆ ನಡುವಿನ ಸ್ವಲ್ಪ ಹೊತ್ತಿನಲ್ಲಿ ರಿಪೇರಿಯ ಪ್ರೋಟೀನುಗಳು ಗುರುತಿಲ್ಲದ ಎಳೆಯನ್ನೇ ಕತ್ತರಿಸಿ ತಿದ್ದುತ್ತವೆ, ಮೂಲಪ್ರತಿಯನ್ನು ಮುಟ್ಟುವುದಿಲ್ಲ. ಇದನ್ನು ಬಿಡಿಸಿ ತೋರಿಸಿದ ಪಾಲ್ ಮಾಡ್ರಿಚ್ 2015ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಮತ್ತಿಬ್ಬರೊಡನೆ ಪಡೆದರು. ತಿದ್ದದೆ ಉಳಿದ ತಪ್ಪಿನ ಗತಿಯೇನು? ಮುಂದಿನ ನಕಲಿನಲ್ಲಿ ಆ ತಪ್ಪಿನ ಎದುರಿಗೆ ಅದಕ್ಕೆ ಹೊಂದುವ ಅಕ್ಷರವೇ ಬಂದು ಕೂರುತ್ತದೆ. ಈಗ ಎರಡು ಕಡೆಯೂ ಸಮ! ತಾಳೆ ನೋಡಿದರೆ ದೋಷವೇ ಇಲ್ಲ. ಸತ್ಯಂ ಕಂಪೆನಿಯ ಪುಸ್ತಕ ನನಗೆ ನೆನಪಾದದ್ದು ಇಲ್ಲಿಯೇ.

ಮೀಷರನ ಊರಾದ ಬಾಸೆಲ್ ಕನ್ನಡಿಗರಿಗೆ ಹೊಸ ಹೆಸರಲ್ಲ. ಅಲ್ಲಿ 1815ರಲ್ಲಿ ಸ್ಥಾಪಿತವಾದ ಮಿಷನ್ನಿನವರು 1834ರಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದರು. 1843ರ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ನಿಘಂಟು ಇವನ್ನೆಲ್ಲ ವಾಚಕರು ಬಲ್ಲರು. ಅಲ್ಲಿ ನಿಲ್ಲದೆ ಮುಂದೆ ಹೋಗೋಣ. ಮತಾಂತರವಾದವನನ್ನು ಜಾತಿ ಹೊರಹಾಕುತ್ತಿತ್ತು. ಜಾತಿಯೊಡನೆ ಕಸುಬೂ ಹೋಗುತ್ತಿತ್ತು. ಅಂಥವರ ಹೊಟ್ಟೆಪಾಡಿಗೆಂದು ಮಿಷನ್ನಿನವರು ನೇಯ್ಗೆ ಶಾಲೆಗಳನ್ನೂ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದರು. ವ್ಯಾಪಾರಕ್ಕೆಂದು 1859ರಲ್ಲಿ ಬಾಸೆಲಿನಲ್ಲಿ ಪ್ರತ್ಯೇಕ ಕಂಪೆನಿಯೇ ಹುಟ್ಟಿತ್ತು. ಹೀಗಾಗಿ ಒಬ್ಬನೇ ಮನುಷ್ಯನು ಪಾದ್ರಿಯ ವರದಿಯಲ್ಲಿ ರಕ್ಷಣೆ ಹೊಂದಿದ ಆತ್ಮ, ಕಾರ್ಖಾನೆಯ ಪುಸ್ತಕದಲ್ಲಿ ಕೂಲಿಯ ಆಳು.

ಪಾದ್ರಿಗಳು ಬಾಸೆಲಿನ ಸಮಿತಿಗೆ ಕ್ರಮವಾಗಿ ವರದಿ ಕಳುಹಿಸಬೇಕಾಗಿತ್ತು. ಅದರ ಆಯ್ದ ಭಾಗಗಳು ಅಚ್ಚಾಗಿ, ವಾರಕ್ಕೊಂದು ಸಣ್ಣ ನಾಣ್ಯ ಕೊಡುತ್ತಿದ್ದ ಸ್ವಿಸ್ ಮತ್ತು ಜರ್ಮನ್ ಮನೆಗಳನ್ನು ಸೇರುತ್ತಿದ್ದವು. ಕಾಸು ಕೊಡುವವರಿಗೆ ಬರೆದ ಕಾಗದದಲ್ಲಿ ಒಂದಿಷ್ಟು ಬಣ್ಣ ಇದ್ದೇ ಇರುತ್ತದೆ. ಹಾಗೆಂದು ಅದೆಲ್ಲ ಸುಳ್ಳೂ ಅಲ್ಲ. ಮಿಷನ್ನನ್ನು ಹೊಗಳುವವರೂ ತೆಗಳುವವರೂ ಇವೇ ಕಡತಗಳನ್ನು ಓದಿ ಜಗಳವಾಡುವುದು ನನಗೆ ಸೋಜಿಗವೆನಿಸುತ್ತದೆ. ವರದಿಯನ್ನು ಕಾರ್ಖಾನೆಯ ಲೆಕ್ಕದೊಡನೆ ತಾಳೆ ನೋಡಬಹುದು. ಆದರೆ ಎರಡೂ ಮಿಷನ್ನಿನ ಕೈಯವೇ. ಮಂಗಳೂರಿನವರೇ ಆದ, 1844ರಲ್ಲಿ ಕ್ರೈಸ್ತರಾಗಿ, ಬಾಸೆಲಿನಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದ ಹರ್ಮನ್ ಆನಂದರಾವ್ ಕೌಂಡಿನ್ಯರು ಎರಡು ದಡವನ್ನೂ ಕಂಡವರು. ಆದರೆ ಅವರು ಬ್ರಾಹ್ಮಣ ಕುಲದಿಂದ ಹೋದವರು, ಓದುಬರಹ ಬಲ್ಲವರು. ಕಾರ್ಖಾನೆಯಲ್ಲಿ ಹೆಂಚಿನ ಮಣ್ಣು ಹದಮಾಡಿದವರ ಎರಡನೆಯ ಕೈಯ ಬರಹ ಎಲ್ಲಿ? ಸರಕಾರದ ಕಚೇರಿಯ, ಕೋರ್ಟಿನ ಕಾಗದಗಳಲ್ಲಿ ಅಲ್ಪಸ್ವಲ್ಪ ಸಿಗಬಹುದು. ಉಳಿದದ್ದು ಮನೆಮಂದಿಯ ಬಾಯಲ್ಲಿ ಮಾತ್ರ.

ಬಾಯಿಮಾತಿಗೆ ಸಂಶೋಧನೆಯಲ್ಲಿ ಬೆಲೆಯೆಷ್ಟು ಎಂದು ಕೇಳುವವರಿದ್ದಾರೆ. ನನ್ನ ಅಜ್ಜನಿಗೆ ಓದು ಬಾರದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಜ್ಜ ಊರಿನ ಸಾಹುಕಾರರೊಬ್ಬರಿಂದ ಸಾಲ ತಂದಿದ್ದರು. ಸಾಲದ ಪುಸ್ತಕ ಸಾಹುಕಾರರದು, ಬರೆದ ಕೈ ಸಾಹುಕಾರರದು, ಹೆಬ್ಬೆಟ್ಟು ಮಾತ್ರ ಅಜ್ಜನದು. ತೀರಿಸಿದ್ದೇನೆಂದು ಅಜ್ಜ ಹೇಳಿದರು, ಪುಸ್ತಕ ಇಲ್ಲವೆಂದಿತು, ಎರಡು ಗದ್ದೆ ಹೋದವು. ಅಜ್ಜನ ಮಾತೇ ಪೂರ್ಣ ಸತ್ಯವೆಂದು ನಾನು ವಾದಿಸುವುದಿಲ್ಲ, ಮರೆವು ಯಾರಿಗೂ ತಪ್ಪಿದ್ದಲ್ಲ. ಆದರೆ ಕೊಟ್ಟ ಕಂತುಗಳನ್ನು ಅವರು ಇಂದಿಗೂ ಹೇಳಬಲ್ಲರು: ಅತ್ತೆಯ ಮದುವೆಯ ಮುಂಚಿನ ಸುಗ್ಗಿಯಲ್ಲಿ ಇಷ್ಟು, ಹೊಳೆ ಅಂಗಳಕ್ಕೆ ಬಂದ ವರ್ಷ ಇಷ್ಟು, ಎತ್ತು ಮಾರಿದಾಗ ಇಷ್ಟು. ಕಳೆದ ರಜೆಯಲ್ಲಿ ಅವರನ್ನು ಜಗಲಿಯಲ್ಲಿ ಕೂರಿಸಿಕೊಂಡು ಅವನ್ನೆಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಅತ್ತೆಯ ಮದುವೆಯ ಕರೆಯೋಲೆ ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ್ದರಿಂದ ಮೊದಲನೆಯ ಕಂತಿನ ವರ್ಷವಂತೂ ಗೊತ್ತಾಗಿದೆ. ಹೊಳೆ ಬಂದ ವರ್ಷವನ್ನು ಇನ್ನೂ ಹುಡುಕುತ್ತಿದ್ದೇನೆ.